ಬ್ರಿಗ್ ಜಾತ್ರೆ, ದೇವಾಸದ ಕಿಟಕಿ

ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ಇದುವರೆಗೆ ನಾನು ಬರೆದದ್ದೆಲ್ಲ ಮಾತ್ರೆಯ ವಿಷಯ. ಒಂದು ವರ್ಷ ಸಕ್ಕರೆ ಕಾಯಿಲೆ, ಇನ್ನೊಂದು ವರ್ಷ ಆಂಟಿಬಯಾಟಿಕ್ ಕೋರ್ಸನ್ನು ಅರ್ಧಕ್ಕೆ ಬಿಡಬೇಡಿ ಎಂಬ ಉಪದೇಶ, ಕಳೆದ ವರ್ಷ ಊರಿಂದ ಬರುವಾಗ ಬ್ಯಾಗಿನಲ್ಲಿ ಏನು ತರಬಾರದು ಎಂಬ ಪಟ್ಟಿ. ಈ ಸಲ ಸಂಪಾದಕ ಮಿತ್ರರು ಫೋನ್ ಮಾಡಿ, "ಏನಾದರೂ ಬರೆಯಿರಿ, ಆದರೆ ಓದಿದ ಮೇಲೆ ಬಿಪಿ ಚೆಕ್ ಮಾಡಿಸಬೇಕು ಅನ್ನಿಸಬಾರದು" ಎಂದರು. ಹಾಗಾಗಿ ಹಾಡಿನ ವಿಷಯ ಬರೆಯುತ್ತಿದ್ದೇನೆ. ನಡುವೆ ಒಂದು ಇಂಜೆಕ್ಷನ್ ಬರುತ್ತದೆ, ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ನನ್ನ ಹೆಂಡತಿ ನರ್ಸ್. ನಾಲ್ಕು ವರ್ಷದ ಹಿಂದೆ ಶಾರ್ಜಾದ ಕೆಲಸ ಬಿಟ್ಟು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಹೋದಳು, ಮಗಳೂ ಜೊತೆಗೆ ಹೋದಳು. ಅವರ ಮನೆ ಲಫ್‌ಬರೋದಲ್ಲಿ. ಲೆಸ್ಟರ್, ನಾಟಿಂಗ್‌ಹ್ಯಾಮ್, ಡಾರ್ಬಿ ಈ ಮೂರರ ನಡುವಿನ ಪಟ್ಟಣ ಅದು. ನನ್ನದು ಡಿ.ಫಾರ್ಮ್. ಆ ಡಿಪ್ಲೊಮಾ ಹಿಡಿದು ಅಲ್ಲಿ ಫಾರ್ಮಸಿಸ್ಟ್ ಆಗಲು ಬರುವುದಿಲ್ಲ. ಆದ್ದರಿಂದ ನಾನು ಇಲ್ಲೇ, ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಉಳಿದೆ. ವರ್ಷಕ್ಕೆ ಎರಡು ಸಲ ರಜೆ ಹಾಕಿ ಹೋಗುತ್ತೇನೆ, ಉಳಿದ ದಿನ ಬೋಟಿಮ್. ನಮ್ಮ ಸಂಘದಲ್ಲಿ ಹೀಗೆ ಎರಡು ಅಡುಗೆಮನೆ ನಡೆಸುವವರು ಬಹಳ ಜನ ಇದ್ದೀರಿ, ಹೆಚ್ಚು ವಿವರಿಸಬೇಕಾಗಿಲ್ಲ.

ಲಫ್‌ಬರೋ ಗಂಟೆಗಳ ಊರು. ಜಾನ್ ಟೇಲರ್ ಕಂಪನಿಯ ಎರಕದ ಮನೆ ಅಲ್ಲಿದೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ಗೆ ಹದಿನಾರು ಟನ್ನಿಗೂ ಹೆಚ್ಚು ತೂಕದ 'ಗ್ರೇಟ್ ಪಾಲ್' ಗಂಟೆಯನ್ನು 1881ರಲ್ಲಿ ಎರಕ ಹೊಯ್ದವರು ಅವರೇ. ಊರ ನಡುವಿನ ಕ್ವೀನ್ಸ್ ಪಾರ್ಕಿನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ ಕಟ್ಟಿದ ಎತ್ತರದ ಗೋಪುರವಿದೆ. ಅದರೊಳಗೆ 47 ಗಂಟೆಗಳು. ಒಬ್ಬನೇ ಕುಳಿತು ಹಾರ್ಮೋನಿಯಂ ಬಾರಿಸಿದಂತೆ ಅಷ್ಟನ್ನೂ ಬಾರಿಸುತ್ತಾನೆ. 1923ರಲ್ಲಿ ಅದರ ಉದ್ಘಾಟನೆಗೆಂದೇ ಎಡ್ವರ್ಡ್ ಎಲ್ಗರ್ ಒಂದು ಕೃತಿ ರಚಿಸಿಕೊಟ್ಟರು. ಎಲ್ಗರ್ ಎಂದರೆ ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಸಂಗೀತ ರಚನಕಾರ. ಆದರೆ ಅವರಿಗೆ ಹಳ್ಳಿ ಹಾಡುಗಳ ಬಗ್ಗೆ ಅಂಥ ಒಲವು ಇರಲಿಲ್ಲ. ಆ ಹುಚ್ಚು ಹತ್ತಿದ್ದು ಅವರಿಗಿಂತ ಕಿರಿಯರಿಗೆ: ವಾಘನ್ ವಿಲಿಯಮ್ಸ್, ಹೋಲ್ಸ್ಟ್, ಮತ್ತು ನನ್ನ ಈ ಲೇಖನದ ನಾಯಕ ಪರ್ಸಿ ಗ್ರೇಂಜರ್.

ಗ್ರೇಂಜರ್ ನನಗೆ ಪರಿಚಯವಾದದ್ದು ಮಗಳ ಕ್ಲಾರಿನೆಟ್‌ನಿಂದ. ಅವಳು ಅಲ್ಲಿ ಒಂದು ಯುವ ವಿಂಡ್ ಬ್ಯಾಂಡಿನಲ್ಲಿ ನುಡಿಸುತ್ತಾಳೆ. ಕಳೆದ ವಸಂತದಲ್ಲಿ ಅವರು ಗ್ರೇಂಜರ್‌ನ 'ಲಿಂಕನ್‌ಶೈರ್ ಪೋಸಿ' ಅಭ್ಯಾಸ ಮಾಡುತ್ತಿದ್ದರು. 1937ರ ಕೃತಿ, ಆರು ಭಾಗ, ಆರೂ ಲಿಂಕನ್‌ಶೈರ್ ಸೀಮೆಯ ಜಾನಪದ ಹಾಡುಗಳು. ಅದರ ಮೂರನೇ ಭಾಗದ ಹೆಸರು 'ರಫರ್ಡ್ ಪಾರ್ಕ್ ಪೋಚರ್ಸ್'. 1851ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ರಫರ್ಡ್ ಎಸ್ಟೇಟಿನಲ್ಲಿ ಕಳ್ಳಬೇಟೆಗೆ ಹೋದ ಹಳ್ಳಿಗರಿಗೂ ಜಮೀನುದಾರರ ಕಾವಲುಗಾರರಿಗೂ ಹೊಡೆದಾಟವಾಗಿ ಒಬ್ಬ ಕಾವಲುಗಾರ ಸತ್ತ. ಹಾಡು ಕಳ್ಳಬೇಟೆಗಾರರ ಪರ. ನಮ್ಮ ಲಾವಣಿಗಳು ಯಾರ ಪರ ನಿಲ್ಲುತ್ತವೆ ಎಂದು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮಗಳ ತಕರಾರು ಕಥೆಯ ಬಗ್ಗೆ ಇರಲಿಲ್ಲ, ತಾಳದ ಬಗ್ಗೆ. "ಅಪ್ಪಾ, ಒಂದು ಬಾರ್ ನಾಲ್ಕು, ಮುಂದಿನದು ಐದು, ಮತ್ತೆ ನಾಲ್ಕು. ಎಣಿಸೋಕೇ ಆಗ್ತಿಲ್ಲ. ಹೀಗ್ಯಾಕೆ ಬರೆದಿದ್ದಾನೆ?" ಬ್ಯಾಂಡಿನ ಮೇಷ್ಟ್ರು ಹೇಳಿದ ಉತ್ತರ: ಗ್ರೇಂಜರ್ ಹಾಗೆ ಬರೆಯಲಿಲ್ಲ, ಒಬ್ಬ ಮುದುಕ ಹಾಗೆ ಹಾಡಿದ.

ಆ ಮುದುಕನ ಹೆಸರು ಜೋಸೆಫ್ ಟೇಲರ್. (ಗಂಟೆಯ ಟೇಲರ್‌ಗೂ ಇವರಿಗೂ ಸಂಬಂಧವಿಲ್ಲ, ಇಂಗ್ಲೆಂಡಿನಲ್ಲಿ ಟೇಲರ್ ಎಂದರೆ ನಮ್ಮ ಕಡೆ ಪಾಟೀಲ ಇದ್ದಂತೆ.) ಲಫ್‌ಬರೋದಿಂದ ಈಶಾನ್ಯಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಬ್ರಿಗ್ ಎಂಬ ಸಣ್ಣ ಸಂತೆ ಊರು. 1905ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಸಂಗೀತ ಸ್ಪರ್ಧೆಯಲ್ಲಿ ಜಾನಪದ ಹಾಡಿಗೂ ಒಂದು ವಿಭಾಗ ಇಟ್ಟಿದ್ದರು. ಪಕ್ಕದ ಸ್ಯಾಕ್ಸ್‌ಬಿ ಹಳ್ಳಿಯ, ಎಸ್ಟೇಟಿನಲ್ಲಿ ಕೆಲಸಕ್ಕಿದ್ದ, ಎಪ್ಪತ್ತು ದಾಟಿದ ಟೇಲರ್ ಬಂದು ಹಾಡಿ ಮೊದಲ ಬಹುಮಾನ ಗೆದ್ದರು. ಆಸ್ಟ್ರೇಲಿಯಾದಿಂದ ಬಂದಿದ್ದ ಇಪ್ಪತ್ತೆರಡರ ಪಿಯಾನೊ ವಾದಕ ಗ್ರೇಂಜರ್ ಅವರನ್ನು ಹಿಡಿದುಕೊಂಡು ಇನ್ನಷ್ಟು ಹಾಡಿಸಿದ. ಆಗ ಸಿಕ್ಕಿದ್ದೇ 'ಬ್ರಿಗ್ ಫೇರ್', ಅಂದರೆ ಬ್ರಿಗ್ ಜಾತ್ರೆ. ಜಾತ್ರೆಗೆ ನಲ್ಲೆಯನ್ನು ಕಾಣಲು ಹೊರಟವನ ಹಾಡು. ಟೇಲರ್‌ಗೆ ನೆನಪಿದ್ದದ್ದು ಎರಡೇ ನುಡಿ.

ಗ್ರೇಂಜರ್ ಮಾಡಿದ ದೊಡ್ಡ ಕೆಲಸ ಮುಂದಿನ ವರ್ಷದ್ದು. 1906ರಲ್ಲಿ ಆತ ಫೋನೋಗ್ರಾಫ್ ಹೊತ್ತುಕೊಂಡು ಮತ್ತೆ ಲಿಂಕನ್‌ಶೈರಿಗೆ ಬಂದ. ಮೇಣದ ಉರುಳೆ ತಿರುಗುತ್ತದೆ, ಹಾಡುವವರು ಕಹಳೆಯಂಥ ಕೊಳವೆಗೆ ಮುಖವಿಟ್ಟು ಹಾಡಬೇಕು, ದನಿಯ ಅದುರು ಸೂಜಿಯ ಮೂಲಕ ಮೇಣದಲ್ಲಿ ಗೀರಾಗಿ ಉಳಿಯುತ್ತದೆ. ಒಂದು ಉರುಳೆಗೆ ಹಿಡಿಸುವುದು ಸುಮಾರು ಎರಡು ನಿಮಿಷ. ಪ್ರತಿ ಸಲ ಕೇಳಿದಾಗಲೂ ಮೇಣ ಸ್ವಲ್ಪ ಸವೆಯುತ್ತದೆ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಹಾಡು ಸಂಗ್ರಹಿಸುವವರು ಪೆನ್ಸಿಲು ಕಾಗದ ಹಿಡಿದು ಕೂರುತ್ತಿದ್ದರು. ಮುದುಕ ಒಂದು ನುಡಿಯಲ್ಲಿ ಒಂದು ಸ್ವರ ಎಳೆದರೆ, ಇನ್ನೊಂದರಲ್ಲಿ ಅರ್ಧ ಮಾತ್ರೆ ನುಂಗಿದರೆ, ಬರೆದುಕೊಳ್ಳುವವರು ಅದನ್ನೆಲ್ಲ ಸಮ ಮಾಡಿ ಒಂದೇ ಧಾಟಿಯನ್ನು ಕಾಗದಕ್ಕೆ ಇಳಿಸುತ್ತಿದ್ದರು. ವಯಸ್ಸಾದವರು, ಉಸಿರು ಸಾಲದು, ನೆನಪು ಸಾಲದು ಎಂಬ ಸಮಾಧಾನ ಬೇರೆ.

ಗ್ರೇಂಜರ್ ಉರುಳೆಯನ್ನು ನಿಧಾನ ತಿರುಗಿಸಿ, ಮತ್ತೆ ಮತ್ತೆ ಕೇಳಿ, ಎಲ್ಲವನ್ನೂ ಬರೆದ. ಉಸಿರು ತೆಗೆದುಕೊಂಡ ಜಾಗ, ಎರಡು ಸ್ವರದ ನಡುವಿನ ಜಾರು, ಮೂರನೇ ನುಡಿಯಲ್ಲಿ ಬದಲಾದ ತಿರುವು, ಒಂದೂ ಬಿಡಲಿಲ್ಲ. ಬರೆದು ನೋಡಿದಾಗ ಅವನಿಗೆ ಹೊಳೆದದ್ದು: ಇವು ಮುದುಕರ ತಪ್ಪುಗಳಾಗಿದ್ದರೆ ಎಲ್ಲೆಂದರಲ್ಲಿ ಬೀಳಬೇಕಿತ್ತು. ಆದರೆ ಮಾತಿನ ಭಾರ ಎಲ್ಲಿದೆಯೋ ಅಲ್ಲೇ ಎಳೆತ, ಕಥೆ ಎಲ್ಲಿ ಓಡುತ್ತದೋ ಅಲ್ಲೇ ಅವಸರ. ಅದು ಆ ಹಾಡುಗಾರರ ವಿದ್ಯೆ. 1908ರಲ್ಲಿ ಜಾನಪದ ಗೀತೆಗಳ ಸೊಸೈಟಿಯ ಪತ್ರಿಕೆಯಲ್ಲಿ ಅವನು ಇದನ್ನು ಉದ್ದಕ್ಕೆ ವಾದಿಸಿ ಬರೆದ. ಹಿರಿಯರಿಗೆ ಅಷ್ಟೇನೂ ರುಚಿಸಲಿಲ್ಲ. ಯಂತ್ರ ಕಂಡರೆ ಹಳ್ಳಿಗರು ಸಂಕೋಚಪಡುತ್ತಾರೆ ಎಂಬುದು ಅವರ ಒಂದು ಆಕ್ಷೇಪಣೆ.

ಅದೇ ವರ್ಷ ಗ್ರಾಮಫೋನ್ ಕಂಪನಿ ಟೇಲರ್ ಅವರನ್ನು ಲಂಡನ್ನಿಗೆ ಕರೆಸಿ ರೆಕಾರ್ಡ್ ಮಾಡಿತು. ಆ ಹಾಡುಗಳು ಈಗಲೂ ಸಿಗುತ್ತವೆ, ದಯವಿಟ್ಟು ಕೇಳಿ. 1833ರಲ್ಲಿ ಹುಟ್ಟಿದ ಮನುಷ್ಯನ ದನಿ ಅದು. ನಾನು ನಡುಗುವ ದನಿಯನ್ನು ನಿರೀಕ್ಷಿಸಿದ್ದೆ. ಕೇಳಿದ್ದು ಸಣ್ಣ, ಚೊಕ್ಕ, ಹಗುರ ದನಿ, ಅದರಲ್ಲಿ ನಮ್ಮ ಮುರ್ಕಿಯಂಥ ಚಿಕ್ಕ ಚಿಕ್ಕ ತಿರುವುಗಳು. ಒಂದು ಕ್ಷಣ ಇದು ಇಂಗ್ಲಿಷರ ಹಾಡು ಎಂಬುದೇ ಮರೆತುಹೋಗುತ್ತದೆ.

ಮರೆಯಲು ಇನ್ನೊಂದು ಕಾರಣವೂ ಇದೆ. 'ಬ್ರಿಗ್ ಫೇರ್' ಡೋರಿಯನ್ ಎಂಬ ಹಳೆಯ ಸ್ವರಶ್ರೇಣಿಯಲ್ಲಿದೆ. ಹಾರ್ಮೋನಿಯಂನ ಬಿಳಿ ಮನೆಗಳಲ್ಲಿ ಮಾತ್ರ, ಡಿ ಸ್ವರವನ್ನು ಷಡ್ಜ ಮಾಡಿಕೊಂಡು ಏರಿ ನೋಡಿ: ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದವು ಶುದ್ಧ. ನಮ್ಮ ಕಾಫಿ ಥಾಟು, ಕರ್ನಾಟಕ ಪದ್ಧತಿಯಲ್ಲಿ ಖರಹರಪ್ರಿಯ. ರಾಗ ಒಂದೇ ಎಂದು ನಾನು ಹೇಳುತ್ತಿಲ್ಲ, ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಆದರೂ ಬ್ರಿಗ್ ಜಾತ್ರೆಗೂ ನಮ್ಮ ಹೋಳಿ ಹಾಡಿಗೂ ಒಂದೇ ಏಳು ಮೆಟ್ಟಿಲು ಎಂಬುದು ನನಗೆ ಖುಷಿ ಕೊಟ್ಟ ಸಂಗತಿ.

ಇನ್ನು ಡೀಲಿಯಸ್. ಫ್ರೆಡರಿಕ್ ಡೀಲಿಯಸ್ ಹುಟ್ಟಿದ್ದು 1862ರಲ್ಲಿ, ಲೀಡ್ಸ್ ಪಕ್ಕದ ಬ್ರ್ಯಾಡ್‌ಫರ್ಡಿನಲ್ಲಿ. ಜರ್ಮನಿಯಿಂದ ಬಂದ ಉಣ್ಣೆ ವ್ಯಾಪಾರಿಗಳ ಮನೆತನ. ಮಗ ವ್ಯಾಪಾರ ಕಲಿಯಲಿ ಎಂದು ಅಪ್ಪ ಅಮೆರಿಕದ ಫ್ಲೋರಿಡಾದ ಕಿತ್ತಳೆ ತೋಟಕ್ಕೆ ಕಳಿಸಿದರು. ಮಗ ಅಲ್ಲಿ ಕಿತ್ತಳೆ ಬಿಟ್ಟು ಕಪ್ಪು ಜನರ ಹಾಡು ಕೇಳಿಕೊಂಡು ಕೂತ. (ಮಗ ಎಂಜಿನಿಯರ್ ಆಗಲಿ ಎಂದು ಕಳಿಸಿದ ಅಪ್ಪಂದಿರು ನಮ್ಮಲ್ಲೂ ಇದ್ದಾರೆ, ಧೈರ್ಯ ತಂದುಕೊಳ್ಳಿ.) ಗ್ರೇಂಜರ್ 'ಬ್ರಿಗ್ ಫೇರ್' ಅನ್ನು ಗಾಯಕರ ವೃಂದಕ್ಕೆ ಅಳವಡಿಸಿದ್ದನ್ನು ನೋಡಿ ಡೀಲಿಯಸ್ ಮರುಳಾದರು. 1907ರಲ್ಲಿ ಅದೇ ಧಾಟಿಯ ಮೇಲೆ ದೊಡ್ಡ ಆರ್ಕೆಸ್ಟ್ರಾಗೆ ಒಂದು ಕೃತಿ ಬರೆದು ಗ್ರೇಂಜರ್‌ಗೆ ಅರ್ಪಿಸಿದರು. ಕೊಳಲು, ಹಾರ್ಪ್‌ಗಳಿಂದ ಮಂಜಿನ ಮುಂಜಾವಿನಂತೆ ಶುರುವಾಗುತ್ತದೆ. ಆಮೇಲೆ ಓಬೋ ಹಾಡನ್ನು ಎತ್ತಿಕೊಳ್ಳುತ್ತದೆ. ಮುಂದೆ ಅದೇ ಧಾಟಿ ಹತ್ತಾರು ಬಣ್ಣಗಳಲ್ಲಿ ಬರುತ್ತದೆ, ಒಂದು ಕಡೆ ಗಂಟೆ ಬಡಿದು ಶವಯಾತ್ರೆಯಂತೆಯೂ ನಡೆಯುತ್ತದೆ.

1908ರ ಮಾರ್ಚಿನಲ್ಲಿ ಇದನ್ನು ಲಂಡನ್ನಿನಲ್ಲಿ ನುಡಿಸಿದವರು ಥಾಮಸ್ ಬೀಚಮ್. ನನ್ನ ವೃತ್ತಿಯವರು ಇಲ್ಲಿ ಕಿವಿ ನಿಮಿರಿಸಬೇಕು: ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್ ಊರಿನ 'ಬೀಚಮ್ಸ್ ಪಿಲ್ಸ್' ಎಂಬ ಭೇದಿ ಮಾತ್ರೆಯ ಮನೆತನದವರು ಇವರು. ಆ ಮಾತ್ರೆಯ ದುಡ್ಡಿನಲ್ಲೇ ಡೀಲಿಯಸ್‌ನ ಸಂಗೀತ ಇಂಗ್ಲೆಂಡಿಗೆ ಕೇಳಿಸಿತು ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ. ಅದೇ ಬೀಚಮ್ ಕಂಪನಿ ಮುಂದೆ ಆಗ್ಮೆಂಟಿನ್ ತಯಾರಿಸಿತು. ನಾನು ದಿನಾ ಕಿಟಕಿಯಿಂದ ಕೊಡುವ ಔಷಧ.

ಲಂಡನ್ನಿನ ಆ ಕಛೇರಿಗೆ ಜೋಸೆಫ್ ಟೇಲರ್ ಅವರನ್ನೂ ಕರೆಸಿದ್ದರು. ಆರ್ಕೆಸ್ಟ್ರಾ ತನ್ನ ಹಾಡನ್ನು ಎತ್ತಿಕೊಂಡಾಗ ಮುದುಕ ಎದ್ದು ತಾನೂ ಹಾಡಿದರು ಎಂಬ ಕಥೆ ಇದೆ. ಕಥೆ ಕಥೆಯೇ ಇರಲಿ, ನನಗೆ ಇದು ಇಷ್ಟ, ಯಾಕೆಂದರೆ ಡೀಲಿಯಸ್‌ನ ಕೃತಿಯಲ್ಲಿ ಇಲ್ಲದಿರುವುದೇ ಆ ದನಿ. ಡೀಲಿಯಸ್ ಧಾಟಿಯನ್ನು ಬೀಜದಂತೆ ತೆಗೆದುಕೊಂಡು ತನ್ನ ತೋಟದಲ್ಲಿ ಬೆಳೆಸಿದರು. ಹೂವು ಬಹಳ ಚೆಂದ, ಆದರೆ ಯಾವ ಹಿತ್ತಿಲಿನದು ಎಂದು ಹೂವಿಗೆ ನೆನಪಿಲ್ಲ. ಗ್ರೇಂಜರ್‌ನ 'ಪೋಸಿ'ಯಲ್ಲಿ ಮುದುಕನ ಉಸಿರೇ ಇದೆ. ಆ ನಾಲ್ಕು, ಐದು, ನಾಲ್ಕು ಎಂದರೆ ಟೇಲರ್ ಅವರ ಉಸಿರಿನ ಲೆಕ್ಕ. ಟೇಲರ್ ತೀರಿಕೊಂಡು ಇಪ್ಪತ್ತೇಳು ವರ್ಷವಾದ ಮೇಲೆ, ಅಮೆರಿಕದಲ್ಲಿ ಕೂತು, ಪ್ರತಿ ಭಾಗವೂ ಅದನ್ನು ಹಾಡಿದವರ ಚಿತ್ರ ಆಗಬೇಕು ಎಂದು ಗ್ರೇಂಜರ್ ಬರೆದ, ಆ ಹಾಡುಗಾರರಿಗೇ ಕೃತಿಯನ್ನು ಅರ್ಪಿಸಿದ. ನುಡಿಸಲು ಕಷ್ಟ ಎಂದು ಆಗಲೂ ಬ್ಯಾಂಡಿನವರು ಗೊಣಗಿದರಂತೆ, ನನ್ನ ಮಗಳ ಹಾಗೆ.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಬೇರೆ ಒಬ್ಬರು ಕೂತಿದ್ದರು. ನನ್ನೂರು ಗೋಕಾಕ ತಾಲ್ಲೂಕು. ಬೆಳಗಾವಿಯಲ್ಲಿ ಡಿಪ್ಲೊಮಾ ಓದುವಾಗ ಪ್ಯಾಸೆಂಜರ್ ರೈಲು ಸುಳೇಭಾವಿ ದಾಟಿ ಹೋಗುತ್ತಿತ್ತು. ಆ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗನನ್ನು ಲೋಕ ಕುಮಾರ ಗಂಧರ್ವ ಎಂದು ಕರೆಯಿತು. ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ರೆಕಾರ್ಡುಗಳನ್ನು ಕೇಳಿದಂತೆಯೇ ಹಾಡಿ ತೋರಿಸುತ್ತಿದ್ದ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತ. ಇಪ್ಪತ್ತಮೂರಕ್ಕೆ ಮದುವೆ, ಅದರ ಬೆನ್ನಿಗೇ ಕ್ಷಯ. ಒಣ ಹವೆ ಬೇಕೆಂದು 1948ರ ಜನವರಿ 30ರಂದು, ಗಾಂಧೀಜಿಯ ಹತ್ಯೆಯಾದ ದಿನವೇ, ಮಧ್ಯಪ್ರದೇಶದ ದೇವಾಸಕ್ಕೆ ಬಂದಿಳಿದರು. ಹಾಡಕೂಡದು ಎಂದು ವೈದ್ಯರ ಆಜ್ಞೆ.

ಈಗ ಹೇಳಿದ್ದ ಇಂಜೆಕ್ಷನ್. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಆಲ್ಬರ್ಟ್ ಶಾಟ್ಸ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿದ್ದು, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ. ಕ್ಷಯಕ್ಕೆ ನಿಜವಾಗಿ ನಾಟಿದ ಮೊದಲ ಔಷಧ. ಬ್ರಿಟನ್ನಿನಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 1948ರ ಅಕ್ಟೋಬರಿನಲ್ಲಿ, ಅಂದರೆ ಕುಮಾರರು ದೇವಾಸದಲ್ಲಿ ಹಾಸಿಗೆ ಹಿಡಿದ ವರ್ಷವೇ. ಆ ಹೊಸ ಔಷಧ ಅವರನ್ನು ಉಳಿಸಿತು, ಒಂದು ಶ್ವಾಸಕೋಶ ಮಾತ್ರ ಮತ್ತೆ ಕೆಲಸಕ್ಕೆ ಬರಲಿಲ್ಲ. ಸ್ಟ್ರೆಪ್ಟೊಮೈಸಿನ್‌ಗೆ ಒಂದು ಕೆಟ್ಟ ಗುಣವಿದೆ. ಒಳಕಿವಿಗೆ ಪೆಟ್ಟು ಕೊಡುತ್ತದೆ. ಕೆಲವರಿಗೆ ತಲೆ ಸುತ್ತಿ ನಡಿಗೆ ತಪ್ಪುತ್ತದೆ, ಕೆಲವರಿಗೆ ಕೇಳುವ ಶಕ್ತಿಯೇ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಕುಮಾರ ಗಂಧರ್ವರ ಹಾಡು ಕೇಳುವಾಗಲೆಲ್ಲ ನನಗೆ, ಔಷಧದವನಿಗೆ, ಇದು ನೆನಪಾಗಿ ಎದೆ ಝಲ್ಲೆನ್ನುತ್ತದೆ. ಶ್ವಾಸಕೋಶ ಒಂದು ಹೋಯಿತು, ಕಿವಿ ಉಳಿಯಿತು.

ಐದಾರು ವರ್ಷ ಆ ಕಿವಿಗೆ ಕೇಳುವುದಷ್ಟೇ ಕೆಲಸ. ಕಿಟಕಿಯಾಚೆ ಮಾಳವದ ಹೆಂಗಸರು ಹಾಡುತ್ತಾ ಹೋಗುತ್ತಿದ್ದರು. ಮದುವೆಯ ಹಾಡು, ಮಳೆಯ ಹಾಡು, ಹಬ್ಬದ ಹಾಡು. ನಾಥಪಂಥದ ಜೋಗಿಗಳು ನಿರ್ಗುಣ ಭಜನೆ ಹಾಡುತ್ತಾ ಬರುತ್ತಿದ್ದರು. ಕಛೇರಿಗಳಲ್ಲಿ ಓಡಾಡುವ ಆರೋಗ್ಯವಂತ ಗಾಯಕನಿಗೆ ಇಷ್ಟು ಕೇಳುವ ಪುರಸೊತ್ತು ಎಲ್ಲಿಂದ ಬರಬೇಕು? ಗ್ರೇಂಜರ್‌ಗೆ ಫೋನೋಗ್ರಾಫ್ ಮಾಡಿಕೊಟ್ಟದ್ದನ್ನು ಕುಮಾರರಿಗೆ ಹಾಸಿಗೆ ಮಾಡಿಕೊಟ್ಟಿತು: ಅದೇ ಹಾಡು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಬೇರೆಯಾಗಿ. ಅವರು ನೂರಾರು ಮಾಳವಿ ಹಾಡುಗಳನ್ನು ಸಂಗ್ರಹಿಸಿದರು. 1953ರ ಹೊತ್ತಿಗೆ ಮತ್ತೆ ವೇದಿಕೆ ಹತ್ತಿದಾಗ ಗಾಯನವೇ ಬದಲಾಗಿತ್ತು. ಉದ್ದ ಉಸಿರಿನ ತಾನುಗಳ ಜಾಗದಲ್ಲಿ ಚಿಕ್ಕ ಚಿಕ್ಕ ತುಣುಕು, ನಡುವೆ ಮೌನ.

ಅವರ ವಾದ ಸರಳ: ರಾಗಗಳು ಹುಟ್ಟಿದ್ದೇ ಜನರ ಧಾಟಿಗಳಿಂದ. ಹುಟ್ಟಿದ್ದು ನಿಂತಿಲ್ಲ, ಈಗಲೂ ಹುಟ್ಟಬಹುದು. ಒಂದು ಮಾಳವಿ ಹಾಡಿನಲ್ಲಿ ನಾಲ್ಕೈದೇ ಸ್ವರ ಇರುತ್ತದೆ. ಆ ಸ್ವರಗಳು ಒಂದರ ಕಡೆಗೊಂದು ಹೇಗೆ ವಾಲುತ್ತವೆ ಎಂದು ಹಿಡಿದರೆ ಮುಂದೆ ರಾಗ ಬೆಳೆಯುತ್ತದೆ. ಹಾಗೆ ಬೆಳೆಸಿದ ರಾಗಗಳನ್ನು ಅವರು ಧುನ್-ಉಗಮ ರಾಗಗಳು ಎಂದು ಕರೆದರು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ ಮುಂತಾದವು ಅವರ ರಾಗಗಳು. 1965ರಲ್ಲಿ 'ಅನೂಪರಾಗವಿಲಾಸ' ಎಂಬ ಪುಸ್ತಕದಲ್ಲಿ ತಮ್ಮ ಬಂದಿಶ್‌ಗಳನ್ನು ಪ್ರಕಟಿಸಿದರು. ಬಂದಿಶ್‌ಗಳ ಭಾಷೆಯಲ್ಲೂ ಮಾಳವಿ ಮಾತು ಬಂದು ಕೂತಿತು. ಮಡಿವಂತರು ಬೈದರು. ಇದಕ್ಕೆ ಘರಾನೆಯ ಶಿಸ್ತಿಲ್ಲ ಎಂದರು. ಅದೇ ಹಳೆಯ ಪೆನ್ಸಿಲು ಕಾಗದದವರ ಮಾತು.

ಇಲ್ಲಿ ನನಗೊಂದು ಕೊರಗಿದೆ. ಬ್ರಿಗ್ ಜಾತ್ರೆಯ ಹಾಡುಗಾರನ ಹೆಸರು, ಊರು, ದನಿ ಎಲ್ಲ ಉಳಿದಿದೆ. ದೇವಾಸದ ಕಿಟಕಿಯಾಚೆ ಹಾಡಿಕೊಂಡು ಹೋದ ಹೆಂಗಸರು ಯಾರು? ಬೀಸುವಾಗ, ಕಳೆ ಕೀಳುವಾಗ ಹಾಡುವವರನ್ನು ನಮ್ಮಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.

ನನ್ನ ಅವ್ವ ಬೀಸುವ ಪದ, ಸೋಬಾನೆ ಪದ ಹಾಡುತ್ತಾಳೆ. ವಯಸ್ಸು ಎಪ್ಪತ್ತನಾಲ್ಕು. ಬೀಸುವ ಕಲ್ಲು ಈಗ ಅಂಗಳದ ಮೂಲೆಯಲ್ಲಿ ತುಳಸಿ ಕುಂಡಕ್ಕೆ ಆಸರೆ. ಕಳೆದ ಬೇಸಿಗೆ ಊರಿಗೆ ಹೋದಾಗ ಒಂದೇ ಬೀಸುವ ಪದವನ್ನು ಮೂರು ದಿನ ಹಾಡಿಸಿ ಮೊಬೈಲಿನಲ್ಲಿ ಹಿಡಿದು ಮಗಳಿಗೆ ಕಳಿಸಿದೆ. ಮಗಳ ಕನ್ನಡ ಈಗ ಅಡುಗೆಮನೆಯ ಮಟ್ಟಕ್ಕೆ ಬಂದು ನಿಂತಿದೆ, ಪದಗಳ ಅರ್ಧ ಅರ್ಥ ಅವಳಿಗಾಗುವುದಿಲ್ಲ. ಆದರೆ ಕೇಳಿದ ಮೊದಲ ಪ್ರಶ್ನೆ: "ಮೂರೂ ಬೇರೆ ಬೇರೆ ಇವೆ. ಯಾವುದು ಸರಿ?" ಅದನ್ನು ಅವ್ವನಿಗೆ ದಾಟಿಸಿದೆ. ಅವ್ವ ನಕ್ಕು, "ಮೊದಲನೇ ದಿನ ಜ್ವಾಳಾ ಬೀಸೂದು ನೆನಸಿ ಹಾಡೀನಿ, ಎರಡನೇ ದಿನ ರಾಗಿ. ಮೂರನೇ ದಿನ ಮಂಡಿ ನೋಯಾಕ್ಹತ್ತಿತ್ತು. ಎಲ್ಲಾ ಸರಿನ ಐತಿ" ಎಂದಳು.

ಮಗಳು ಮೂರನ್ನೂ ಬರೆದಳು. ಸ್ಟಾಫ್ ನೊಟೇಶನ್ನಿನಲ್ಲಿ, ಒಂದರ ಕೆಳಗೆ ಒಂದು. ಏಳು, ಐದು, ಏಳು, ಆರು ಎಂದು ಬಾರ್ ಗೆರೆಗಳು. ಕಲ್ಲು ಒಂದು ಸುತ್ತು ಬರುವ ಹೊತ್ತೇ ತಾಳ ಎಂದು ಗೊತ್ತಾದ ಮೇಲೆ ಎಣಿಕೆ ಸುಲಭವಾಯಿತಂತೆ. ಮಂಡಿ ನೋವಿನ ದಿನದ್ದು ಅವಳಿಗೆ ಹೆಚ್ಚು ಇಷ್ಟ. ಹಾಳೆಯ ತಲೆಯ ಮೇಲೆ, ರಚನೆ ಮಾಡಿದವರ ಹೆಸರು ಬರೆಯುವ ಜಾಗದಲ್ಲಿ, ಅವ್ವನ ಪೂರ್ತಿ ಹೆಸರು ಮತ್ತು ಊರು.

ಅವ್ವನ ಗಂಟಲು ಈಗ ಬೆಳಿಗ್ಗೆ ಮಾತ್ರ ಚೆನ್ನಾಗಿರುತ್ತದೆ. ಊರಲ್ಲಿ ಆರು ಗಂಟೆ ಎಂದರೆ ಶಾರ್ಜಾದಲ್ಲಿ ನಾಲ್ಕೂವರೆ, ಲಫ್‌ಬರೋದಲ್ಲಿ ಈ ಚಳಿಗಾಲದಲ್ಲಿ ನಡುರಾತ್ರಿ ಹನ್ನೆರಡೂವರೆ. ಭಾನುವಾರ ಅಲಾರಂ ಇಟ್ಟು ಏಳುತ್ತೇನೆ, ಅವ್ವ ಚಹಾ ಕುಡಿದು ಒಂದು ಹಾಡು ಹಾಡುತ್ತಾಳೆ, ನಾನು ಇಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಮಗಳು ಎದ್ದ ಮೇಲೆ ಕೇಳುತ್ತಾಳೆ. ಹನ್ನೊಂದು ಹಾಡು ಆಗಿವೆ. ಸೋಬಾನೆಗೆ ಜೊತೆಗೊಂದು ದನಿ ಬೇಕು ಎಂದು ಅವ್ವ ಹೇಳಿದ್ದಾಳೆ, ಪಕ್ಕದ ಮನೆಯವರು ಮುಂದಿನ ವಾರ ಬರುತ್ತೇನೆ ಎಂದಿದ್ದಾರೆ.